ಹಳೆಯ ಮನೆ, ಕಡಿಮೆ ಯೂನಿಟ್ಟು

ಕಟ್ಟಿ ಮುಗಿದ ಮನೆಯಲ್ಲಿ ವಿದ್ಯುತ್ ಖರ್ಚು ತಗ್ಗಿಸುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಹೊಸದಾಗಿ ಏನನ್ನೂ ಕೊಂಡಿಲ್ಲ, ಬಳಕೆಯೂ ಹೆಚ್ಚಿಲ್ಲ. ಆದರೂ ಯೂನಿಟ್ ಏರುತ್ತಲೇ ಇದೆ. ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕುವುದು ಹೇಗೆ?

ಮೀಟರಿನ ಮುಂದೆ ಹತ್ತು ನಿಮಿಷ ನಿಲ್ಲಿ. ಈಗಿನ ಎಲೆಕ್ಟ್ರಾನಿಕ್ ಮೀಟರುಗಳ ಮುಖದಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲೇ 3200, 1600 ಅಥವಾ 1000 ಎಂಬಂಥ ಸಂಖ್ಯೆ ಅಚ್ಚಾಗಿರುತ್ತದೆ. ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಆಯಿತು ಎಂದರ್ಥ. ಒಂದು ಯೂನಿಟ್ ಎಂದರೆ 1000 ವ್ಯಾಟಿನ ಉಪಕರಣ ಒಂದು ಗಂಟೆ ಓಡಿದಾಗ ಆಗುವ ಖರ್ಚು.

ರಾತ್ರಿ ಮಲಗುವ ಮುಂಚೆ ದೀಪ, ಫ್ಯಾನು, ಟಿ.ವಿ. ಎಲ್ಲವನ್ನೂ ಸ್ವಿಚ್ಚಿನಲ್ಲೇ ಆರಿಸಿ. ಫ್ರಿಜ್ಜಿನ ಪ್ಲಗ್ಗನ್ನೂ ಐದು ನಿಮಿಷ ಕಿತ್ತಿಡಿ. ಗಡಿಯಾರ ಹಿಡಿದು, ಒಂದು ಮಿನುಗಿನಿಂದ ಮುಂದಿನ ಮಿನುಗಿಗೆ ಎಷ್ಟು ಸೆಕೆಂಡು ಎಂದು ನೋಡಿ. ಮೀಟರ್ 3200ರದ್ದಾದರೆ 1125ನ್ನು ಆ ಸೆಕೆಂಡುಗಳಿಂದ ಭಾಗಿಸಿ. ಬರುವುದೇ ಆ ಕ್ಷಣದ ವ್ಯಾಟ್. 1600ರದ್ದಾದರೆ 2250ನ್ನು, 1000ದ್ದಾದರೆ 3600ನ್ನು ಭಾಗಿಸಬೇಕು. 15 ಸೆಕೆಂಡಿಗೊಮ್ಮೆ ಮಿನುಗಿದರೆ 75 ವ್ಯಾಟ್. ಕೇಳಲು ಅಲ್ಪವೆನಿಸುತ್ತದೆ. ಆದರೆ ಹಗಲೂ ರಾತ್ರಿ ಹರಿದರೆ ತಿಂಗಳಿಗೆ 54 ಯೂನಿಟ್!

ಈಗ ಎಂಸಿಬಿಗಳನ್ನು, ಅಂದರೆ ಮೇನ್ ಬೋರ್ಡಿನಲ್ಲಿ ಒಂದೊಂದು ಲೈನಿಗೂ ಇರುವ ರಕ್ಷಣಾ ಸ್ವಿಚ್ಚುಗಳನ್ನು, ಒಂದೊಂದಾಗಿ ಇಳಿಸುತ್ತ ಬನ್ನಿ. ಯಾವುದನ್ನು ಇಳಿಸಿದಾಗ ಮಿನುಗು ನಿಧಾನವಾಗುತ್ತದೋ ಆ ಲೈನಿನಲ್ಲಿ ಏನೋ ಓಡುತ್ತಿದೆ. ಹೆಚ್ಚಿನ ಮನೆಗಳಲ್ಲಿ ಸಿಕ್ಕಿಬೀಳುವುದು ಸೆಟ್‌ಟಾಪ್ ಬಾಕ್ಸ್, ವೈಫೈ ರೂಟರ್, ಬ್ಯಾಟರಿ ಚಾರ್ಜ್ ಮಾಡುತ್ತಲೇ ಇರುವ ಇನ್ವರ್ಟರ್, ಆರಿಸಲು ಮರೆತ ಗೀಸರ್. ಇನ್ವರ್ಟರಿನ ಬ್ಯಾಟರಿ ಹಳತಾಗಿದ್ದರೆ ಅದು ತುಂಬುವುದೇ ಇಲ್ಲ. ಚಾರ್ಜರ್ ಸದಾ ಕರೆಂಟು ಎಳೆಯುತ್ತ, ಬ್ಯಾಟರಿಯನ್ನು ಬಿಸಿ ಮಾಡುತ್ತ ಕೂರುತ್ತದೆ. ಬ್ಯಾಟರಿಯ ಪಕ್ಕಕ್ಕೆ ಕೈ ಇಟ್ಟು ನೋಡಿ. ಕರೆಂಟು ಹೋಗದೆ ದಿನವಾಗಿದ್ದರೂ ಅದು ಬೆಚ್ಚಗಿದ್ದರೆ ಅಲ್ಲೇ ಸೋರುತ್ತಿದೆ.

ಎಲ್ಲ ಎಂಸಿಬಿ ಇಳಿಸಿ, ಮೇನ್ ಸ್ವಿಚ್ಚನ್ನೂ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಮೀಟರಿಗೂ ಮೇನ್ ಸ್ವಿಚ್ಚಿಗೂ ನಡುವೆ ಏನೋ ಕೂಡಿಕೊಂಡಿದೆ, ಇಲ್ಲವೇ ಮೀಟರೇ ಕೆಟ್ಟಿದೆ. ಅದಕ್ಕೆ ನೀವು ಕೈ ಹಾಕಬೇಡಿ, ವಿದ್ಯುತ್ ಕಂಪನಿಗೆ ಬರೆದು ಕೊಡಿ. ಒಂದು ಲೈನಿನಲ್ಲಿ ಎಲ್ಲ ಪ್ಲಗ್ ಕಿತ್ತರೂ ಹರಿವು ನಿಲ್ಲದಿದ್ದರೆ ತೇವ ಹಿಡಿದ ವೈರಿನಿಂದ ಸೋರಿಕೆ ಇರಬಹುದು. ಅಲ್ಲಿ ಯೂನಿಟ್ಟಿಗಿಂತ ದೊಡ್ಡ ಚಿಂತೆ ಶಾಕಿನದು. ಸೋರಿಕೆ ಕಂಡೊಡನೆ ಕರೆಂಟು ಕಡಿಯುವ, ಸರಿಯಾದ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದ್ದರೆ ಅಷ್ಟು ಹೊತ್ತಿಗೆ ಅದೇ ಬಿದ್ದಿರಬೇಕಿತ್ತು. ಬಿದ್ದಿಲ್ಲವೆಂದರೆ ಎಲೆಕ್ಟ್ರಿಷಿಯನ್ನನ್ನು ಅಂದೇ ಕರೆಸಿ.

ಫ್ರಿಜ್ಜಿನ ಖರ್ಚನ್ನು ಮಾತ್ರ ಹೀಗೆ ಒಂದು ಕ್ಷಣದಲ್ಲಿ ಅಳೆಯಲಾಗದು. ಕಂಪ್ರೆಸರ್ ಓಡುತ್ತ, ನಿಲ್ಲುತ್ತ ಇರುತ್ತದೆ. ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಎನರ್ಜಿ ಮೀಟರ್ ಹಾಕಿ ಪೂರ್ತಿ 24 ಗಂಟೆ ಬಿಡಿ.

ಪ್ರಶ್ನೆ: ಗೀಸರನ್ನು ದಿನವಿಡೀ ಹಾಕಿಟ್ಟರೇ ಕಡಿಮೆ ಖರ್ಚು, ತಣ್ಣೀರನ್ನು ಮತ್ತೆ ಮತ್ತೆ ಕಾಯಿಸಿದರೆ ಜಾಸ್ತಿ ಎನ್ನುತ್ತಾರೆ. ನಿಜವೇ?

ನಿಜವಲ್ಲ. ತೊಟ್ಟಿಯೊಳಗಿನ ನೀರು ಸುತ್ತಲಿನ ಗಾಳಿಗಿಂತ ಎಷ್ಟು ಬಿಸಿಯಿದೆಯೋ ಅಷ್ಟು ವೇಗವಾಗಿ ಶಾಖ ಹೊರಹೋಗುತ್ತದೆ. ದಿನವಿಡೀ ಬಿಸಿಯಾಗಿಟ್ಟರೆ ದಿನವಿಡೀ ಗರಿಷ್ಠ ವೇಗದಲ್ಲಿ ಕಳೆದುಕೊಳ್ಳುತ್ತೀರಿ. ಆರಲು ಬಿಟ್ಟರೆ ನೀರು ತಣಿದಂತೆಲ್ಲ ನಷ್ಟವೂ ತಗ್ಗುತ್ತದೆ. ಮರುದಿನ ಕಾಯಿಸುವಾಗ ತುಂಬಿಕೊಡಬೇಕಾದದ್ದು ಹೀಗೆ ಕಳೆದುಹೋದಷ್ಟನ್ನೇ, ಅದಕ್ಕಿಂತ ಒಂದು ಹನಿಯೂ ಹೆಚ್ಚಲ್ಲ.

ಲೆಕ್ಕ ಸರಳ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.163 ವ್ಯಾಟ್-ಗಂಟೆ ಬೇಕು. 25 ಲೀಟರನ್ನು 20ರಿಂದ 60 ಡಿಗ್ರಿಗೆ ಒಯ್ಯಲು 1.16 ಯೂನಿಟ್; 2000 ವ್ಯಾಟಿನ ಗೀಸರಿಗೆ ಇದು 35 ನಿಮಿಷದ ಕೆಲಸ. ಸ್ನಾನಕ್ಕೆ ಮುಕ್ಕಾಲು ಗಂಟೆ ಮುಂಚೆ ಹಾಕಿದರೆ ಸಾಕು.

ಥರ್ಮೋಸ್ಟಾಟನ್ನು 60ಕ್ಕಿಂತ ಕೆಳಗಿಳಿಸಲು ಹೇಳುವ ಸಲಹೆಗಳು ನಿಮ್ಮ ಕಿವಿಗೂ ಬಿದ್ದಿರುತ್ತವೆ. ಶೇಖರಣೆಯ ಗೀಸರಿನಲ್ಲಿ ಅದು ಬೇಡ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶವರಿನ ಹನಿಗಳ ಮೂಲಕ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ತರುತ್ತದೆ. 60ರಲ್ಲಿ ಅದು ಸಾಯುತ್ತದೆ. ಉಳಿತಾಯವನ್ನು ಹುಡುಕಬೇಕಾದದ್ದು ಶವರಿನ ತಲೆಯಲ್ಲಿ. ನಿಮಿಷಕ್ಕೆ 12 ಲೀಟರ್ ಸುರಿಸುವ ಶವರಿನಲ್ಲಿ 8 ನಿಮಿಷ ನಿಂತರೆ 96 ಲೀಟರ್. 20 ಡಿಗ್ರಿಯ ನೀರನ್ನು 40ಕ್ಕೆ ತಂದು ಅಷ್ಟು ಬಳಸಲು 2.2 ಯೂನಿಟ್ ಬೇಕು. ನಿಮಿಷಕ್ಕೆ 7 ಲೀಟರಿನ ಶವರ್ ಹಾಕಿದರೆ 1.3. ತಲೆಯೊಂದನ್ನು ತಿರುಪಿ ಬದಲಿಸಿದರೆ ಮುಗಿಯಿತು, ಪ್ಲಂಬರ್ ಕೂಡ ಬೇಕಿಲ್ಲ. ಬಕೆಟಿನಲ್ಲಿ ಸ್ನಾನ ಮಾಡುವವರು ಇದಕ್ಕಿಂತಲೂ ಕಡಿಮೆಯಲ್ಲಿ ಮುಗಿಸುತ್ತಾರೆ.

ಪೈಪಿನ ಉದ್ದವನ್ನೂ ನೋಡಿ. 15 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಮೀಟರಿಗೆ ಸುಮಾರು 0.18 ಲೀಟರ್ ನೀರು ನಿಂತಿರುತ್ತದೆ. ಗೀಸರ್ 10 ಮೀಟರ್ ದೂರವಿದ್ದರೆ ಪ್ರತಿ ಸಲವೂ ಹತ್ತಿರ ಹತ್ತಿರ ಎರಡು ಲೀಟರ್ ಬಿಸಿನೀರು ಪೈಪಿನಲ್ಲೇ ಉಳಿದು ತಣಿಯುತ್ತದೆ. 25 ಮಿ.ಮೀ. ಪೈಪಾದರೆ ಐದು ಲೀಟರ್. ಕಾಣುವ ಪೈಪಿಗೆ, ಅದರಲ್ಲೂ ತೊಟ್ಟಿಯಿಂದ ಹೊರಡುವ ಮೊದಲ ಎರಡು ಮೀಟರಿಗೆ, ಫೋಮಿನ ಕೊಳವೆ ತೊಡಿಸಿ. ಸುರಕ್ಷಾ ವಾಲ್ವನ್ನು ಮಾತ್ರ ಎಂದೂ ಮುಚ್ಚಬೇಡಿ, ಅದರ ಬಾಯಿ ಕಟ್ಟಬೇಡಿ.

ಗಡಸು ನೀರಿನ ಬಗ್ಗೆ ಒಂದು ಮಾತು. ಕಾಯಿಲ್ ಮೇಲೆ ಬಿಳಿ ಗಾರೆ ಕಟ್ಟಿದರೆ ಕರೆಂಟು ಹೆಚ್ಚು ಸುಡುತ್ತದೆ ಎಂಬ ನಂಬಿಕೆಯಿದೆ. ನೀರಿನೊಳಗೇ ಮುಳುಗಿರುವ ವಿದ್ಯುತ್ ಕಾಯಿಲ್‌ನ ಶಾಖ ಕೊನೆಗೂ ನೀರಿಗೇ ಹೋಗಬೇಕು, ಬೇರೆ ದಾರಿಯಿಲ್ಲ. ಹಾಗಾಗಿ ಯೂನಿಟ್ ಹೆಚ್ಚುವುದಿಲ್ಲ. ಆದರೆ ಗಾರೆಯ ಕೆಳಗೆ ಕಾಯಿಲ್ ಮಿತಿಮೀರಿ ಕಾದು ಸುಟ್ಟುಹೋಗುತ್ತದೆ. ಗೀಸರ್ ಕುದಿಯುವ ಸದ್ದು ಮಾಡತೊಡಗಿದರೆ ಬಿಚ್ಚಿಸಿ ತೊಳೆಸಿ. ಅದೇ ಹೊತ್ತಿಗೆ ತೊಟ್ಟಿಯ ಬದಲು ತಾನೇ ಸವೆಯುವ ಮೆಗ್ನೀಸಿಯಂ ಆನೋಡ್ ಕಡ್ಡಿಯನ್ನೂ ನೋಡಲು ಹೇಳಿ. ಅರ್ಧಕ್ಕಿಂತ ಹೆಚ್ಚು ಕರಗಿದ್ದರೆ ಬದಲಿಸಿ, ಇಲ್ಲವಾದರೆ ತುಕ್ಕಿನ ಸರದಿ ತೊಟ್ಟಿಯದು.

ಪ್ರಶ್ನೆ: ಮೇಲಿನ ಮಹಡಿ ರಾತ್ರಿ ಹತ್ತು ಗಂಟೆಗೂ ಕಾವಲಿಯಂತೆ ಇರುತ್ತದೆ. ತಾರಸಿಗೆ ಬಿಳಿ ಬಣ್ಣ ಹೊಡೆಸುವುದೋ, ಫಾಲ್ಸ್ ಸೀಲಿಂಗ್ ಹಾಕಿಸುವುದೋ, ದೊಡ್ಡ ಎ.ಸಿ. ತರುವುದೋ?

ಎ.ಸಿ. ಕೊನೆಗಿರಲಿ. ಮೊದಲು ತಾರಸಿ.

ಸಂಜೆ ಬಿಸಿಲು ಇಳಿದ ಮೇಲೆ ಸ್ಟೂಲ್ ಹತ್ತಿ ಸೀಲಿಂಗಿಗೆ ಅಂಗೈ ಇಟ್ಟು ನೋಡಿ. ಮಧ್ಯಾಹ್ನ ಮೇಲೆ ಬಿದ್ದ ಬಿಸಿಲು ಸುಮಾರು 120 ಮಿ.ಮೀ. ದಪ್ಪದ ಕಾಂಕ್ರೀಟನ್ನು ದಾಟಿ ಕೆಳಮೈಗೆ ಬರಲು ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಅದಕ್ಕೇ ಹೊರಗೆ ಗಾಳಿ ತಂಪಾದ ಹೊತ್ತಿಗೆ ಒಳಗೆ ಸೀಲಿಂಗ್ ಕಾಯುತ್ತಿರುತ್ತದೆ. ಫ್ಯಾನು ಆ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಮೇಲ್ಮೈಗೂ ಕೋಣೆಗೂ 25 ಡಿಗ್ರಿ ವ್ಯತ್ಯಾಸವಿದ್ದರೆ 15 ಚದರ ಮೀಟರಿನ ಕೋಣೆಯೊಳಕ್ಕೆ ಬರಿಯ ಕಾಂಕ್ರೀಟಿನ ಮೂಲಕ ಹೆಚ್ಚುಕಡಿಮೆ 1300 ವ್ಯಾಟ್ ಶಾಖ ಇಳಿಯುತ್ತದೆ. ತಲೆಯ ಮೇಲೆ ಒಂದು ರೂಮ್ ಹೀಟರ್ ನೇತು ಹಾಕಿದಂತೆ. ಅದನ್ನು ಇಟ್ಟುಕೊಂಡೇ ಎ.ಸಿ. ತಂದರೆ ಎ.ಸಿ. ಹೀಟರಿನೊಂದಿಗೆ ಕುಸ್ತಿ ಆಡುತ್ತದೆ, ಎರಡರ ಖರ್ಚೂ ನಿಮ್ಮದು.

ಎಲ್ಲಕ್ಕಿಂತ ಅಗ್ಗದ ಕೆಲಸ ಬಿಳಿ ಮೇಲ್ಮೈ. ನಡುಹಗಲ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಕಪ್ಪಾದ ಸಿಮೆಂಟ್ ಅದರ ಮುಕ್ಕಾಲು ಪಾಲನ್ನು ಹೀರುತ್ತದೆ. ಹೊಸ ಬಿಳಿ ಲೇಪ ಐದರಲ್ಲಿ ನಾಲ್ಕು ಪಾಲನ್ನು ಆಕಾಶಕ್ಕೆ ವಾಪಸ್ ಕಳಿಸುತ್ತದೆ. ಆದರೆ ಧೂಳು ಕೂತಂತೆ ಆ ಶಕ್ತಿ ಕುಂದುತ್ತದೆ. ಬಿಸಿಲುಗಾಲ ಶುರುವಾಗುವ ಮುಂಚೆ ಪೊರಕೆ ಹಿಡಿದು ತೊಳೆಯದಿದ್ದರೆ ಹೊಡೆಸಿದ್ದೂ ವ್ಯರ್ಥ. ಬಣ್ಣ ಎದ್ದುಬರುವುದಕ್ಕೆ ಕಾರಣ ಮೂರೇ: ಪಾಚಿಯ ಮೇಲೆ ಹಚ್ಚುವುದು, ತೇವವಿರುವಾಗ ಹಚ್ಚುವುದು, ಕಾದ ನೆಲದ ಮೇಲೆ ಹಚ್ಚುವುದು. ಪಾಚಿ ಕೆರೆದು, ತೊಳೆದು, ಎರಡು ದಿನ ಒಣಗಲು ಬಿಡಿ. ಬಿರುಕುಗಳನ್ನು ತುಂಬಿಸಿ. ಬೆಳಗಿನ ತಂಪಿನಲ್ಲಿ ಮೊದಲ ಕೋಟ್, ಅದು ಪೂರ್ತಿ ಒಣಗಿದ ಮೇಲೆ ಅಡ್ಡಡ್ಡವಾಗಿ ಎರಡನೆಯದು. ಬರಿಯ ಸುಣ್ಣ ಬಳಿದರೂ ಕೆಲಸ ಚೆನ್ನಾಗಿಯೇ ಆಗುತ್ತದೆ, ಮಳೆಗೆ ತೊಳೆದುಹೋಗುವುದರಿಂದ ಆಗಾಗ ಬಳಿಯುತ್ತಿರಬೇಕು ಅಷ್ಟೆ. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ಕನ್ನಡಕ ಹಾಕದೆ ಬಳಿಯಬೇಡಿ. ಹೆಚ್ಚು ಕಾಲ ಚಳಿಯಿರುವ ಕಡೆ ಬಿಳಿ ತಾರಸಿ ಬೇಡ. ಅಲ್ಲಿ ಬಿಸಿಲೇ ಪುಕ್ಕಟೆ ಹೀಟರ್.

ಇದಕ್ಕಿಂತ ಮುಂದೆ ಹೋಗುವುದಾದರೆ ಶಾಖ ನಿರೋಧಕ ಹಲಗೆ. ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್, ಅಂಗಡಿಯವರ ಬಾಯಲ್ಲಿ ಎಕ್ಸ್‌ಪಿಎಸ್, 50 ಮಿ.ಮೀ. ದಪ್ಪದ್ದನ್ನು ಹಾಕಿದರೆ ಮೇಲೆ ಹೇಳಿದ 1300 ವ್ಯಾಟ್ ಸುಮಾರು 200ಕ್ಕೆ ಇಳಿಯುತ್ತದೆ. 100 ಮಿ.ಮೀ. ಹಾಕಿದರೆ 200 ಇದ್ದದ್ದು 110ರ ಸುತ್ತಮುತ್ತ ಬರುತ್ತದೆ. ಮೊದಲ 50 ಮಿ.ಮೀ. ಮಾಡಿದ್ದರ ಮುಂದೆ ಎರಡನೆಯ 50 ಮಿ.ಮೀ.ನ ಸಾಧನೆ ಅಲ್ಪ. ಸೆಕೆಯಷ್ಟೇ ನಿಮ್ಮ ತೊಂದರೆಯಾದರೆ ದಪ್ಪಕ್ಕೆ ಹಣ ಸುರಿಯದೆ ಕಿಟಕಿಯ ಕಡೆ ತಿರುಗಿ.

ಹಲಗೆಯನ್ನು ಕಾಂಕ್ರೀಟಿನ ಮೇಲೆ ಹಾಕಿಸುವುದು ಉತ್ತಮ. ಕಾಂಕ್ರೀಟ್ ನೆರಳಿನಲ್ಲಿ ಉಳಿಯುತ್ತದೆ, ಹಿಗ್ಗಿ ಕುಗ್ಗಿ ಬಿರುಕು ಬಿಡುವುದೂ ತಗ್ಗುತ್ತದೆ. ಕ್ರಮ ಹೀಗೆ: ಸೋರಿಕೆ ಇದ್ದರೆ ಮೊದಲು ಅದರ ರಿಪೇರಿ, ಆಮೇಲೆ ವಾಟರ್‌ಪ್ರೂಫಿಂಗ್, ನೀರು ನಿಲ್ಲಿಸಿ ಪರೀಕ್ಷೆ, ಅದರ ಮೇಲೆ ಅಂಚಿಗಂಚು ಕೂಡಿಸಿದ ಹಲಗೆ, ಮೇಲೊಂದು ಜಿಯೋಟೆಕ್ಸ್‌ಟೈಲ್ ಬಟ್ಟೆ, ಕೊನೆಗೆ ಇಳಿಜಾರು ಕೊಟ್ಟ ಕಾಂಕ್ರೀಟ್ ಪದರ ಅಥವಾ ಟೈಲ್ಸ್. ಇಲ್ಲಿ ಸಾಮಾನ್ಯ ಥರ್ಮೋಕೋಲ್ ಹಾಕಿಸಿ ಕೆಟ್ಟವರು ಬಹಳ. ಅದರ ಮಣಿಗಳ ಸಂದಿಗೆ ನೀರು ಇಳಿಯುತ್ತದೆ, ಒದ್ದೆಯಾದ ಹಲಗೆ ಶಾಖವನ್ನು ತಡೆಯುವುದಿಲ್ಲ. ಹೊಸ ಪದರದ ಭಾರವನ್ನು ಹಳೆಯ ಕಟ್ಟಡ ತಡೆಯುತ್ತದೆಯೇ ಎಂದು ಎಂಜಿನಿಯರನ್ನು ಕೇಳದೆ ಕೆಲಸ ಹಿಡಿಸಬೇಡಿ.

ಫಾಲ್ಸ್ ಸೀಲಿಂಗ್ ಯಾವಾಗ ಸರಿ? ತಾರಸಿ ನಿಮ್ಮ ಕೈಯಲ್ಲಿಲ್ಲದಿದ್ದಾಗ, ಅಥವಾ ಆ ಕೋಣೆಗೆ ರಾತ್ರಿ ಕೆಲವೇ ಗಂಟೆ ಎ.ಸಿ. ಹಾಕುವುದಾದರೆ. ಬರಿಯ ಜಿಪ್ಸಂ ಹಲಗೆ ಸಾಲದು, ಮೇಲೆ ಕನಿಷ್ಠ 50 ಮಿ.ಮೀ. ಗಾಜಿನ ಉಣ್ಣೆ ಹಾಸಿಸಿ. ತಗಡು ಅಥವಾ ಹೆಂಚಿನ ಛಾವಣಿಯಾದರೆ ಹೊಳೆಯುವ ಅಲ್ಯೂಮಿನಿಯಂ ಹಾಳೆ ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ಹೊಳೆಯುವ ಮೈಯ ಎದುರಿಗೆ 20–25 ಮಿ.ಮೀ. ಖಾಲಿ ಜಾಗ ಇರಲೇಬೇಕು. ತಗಡಿಗೆ ಅಂಟಿಸಿಬಿಟ್ಟರೆ ಅದು ಬರಿಯ ಲೋಹ, ಶಾಖವನ್ನು ಸರಾಗವಾಗಿ ದಾಟಿಸುತ್ತದೆ. ಮೇಸ್ತ್ರಿಗಳು ಹೆಚ್ಚಾಗಿ ಎಡವುವುದು ಇಲ್ಲೇ.

ಪ್ರಶ್ನೆ: ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹಾಕಿದರೂ ಕೋಣೆ ಕಾಯುತ್ತದೆ. ಡಬಲ್ ಗಾಜು ಹಾಕಿಸಲೇ?

ಪರದೆ ಗಾಜಿನ ಒಳಗಿದೆ, ಬಿಸಿಲು ಗಾಜು ದಾಟಿ ಬಂದು ಪರದೆಯನ್ನು ಕಾಯಿಸುತ್ತದೆ, ಆ ಶಾಖ ಕೋಣೆಯದೇ ಆಗುತ್ತದೆ. ಒಂದೂವರೆ ಚದರ ಮೀಟರಿನ ಸಾದಾ ಗಾಜಿನ ಮೂಲಕ ಇಳಿಬಿಸಿಲಿನಲ್ಲಿ 700 ವ್ಯಾಟ್‌ವರೆಗೂ ಒಳಬರಬಹುದು. ಸಾದಾ ಡಬಲ್ ಗಾಜು ಇದನ್ನು ಸ್ವಲ್ಪವೇ ತಡೆಯುತ್ತದೆ, ಅದು ಮುಖ್ಯವಾಗಿ ಚಳಿಗೆ. ಬಿಸಿಲನ್ನು ಗಾಜಿನ ಹೊರಗೇ ನಿಲ್ಲಿಸಬೇಕು. ಪಶ್ಚಿಮದ ಸೂರ್ಯ ತಗ್ಗಿನಲ್ಲಿರುವುದರಿಂದ ಕಿಟಕಿಯ ಮೇಲಿನ ಸಜ್ಜಾ ಅದಕ್ಕೆ ಅಡ್ಡ ಬರುವುದಿಲ್ಲ. ಹೊರಗಡೆ ಬಿದಿರಿನ ತಟ್ಟಿ, ನೆರಳು ಬಲೆ, ಮಡಚುವ ಶಟರ್, ನೇರ ನಿಂತ ಪಟ್ಟಿಗಳ ಲೂವರ್ ಇವುಗಳಲ್ಲಿ ಒಂದನ್ನು ಹಾಕಿ. ತಟ್ಟಿಗೂ ಗಾಜಿಗೂ ನಡುವೆ ಒಂದು ಗೇಣು ಬಿಟ್ಟರೆ ಬಿಸಿಗಾಳಿ ಮೇಲಿನಿಂದ ಹೊರಟುಹೋಗುತ್ತದೆ.

ಪ್ರಶ್ನೆ: ಎ.ಸಿ. ಮೊದಲಿನಷ್ಟು ತಣ್ಣಗೆ ಮಾಡುತ್ತಿಲ್ಲ. ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕೇ?

ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ತೂತಿದೆ. ತೂತು ಹುಡುಕಿ ಮುಚ್ಚದೆ ತುಂಬುವವರಿಗೆ ಮುಂದಿನ ವರ್ಷದ ಕೆಲಸವನ್ನೂ ಈಗಲೇ ಕೊಟ್ಟಂತೆ.

ಮೆಕ್ಯಾನಿಕ್ಕನ್ನು ಕರೆಯುವ ಮುಂಚೆ ಫಿಲ್ಟರ್ ತೊಳೆಯಿರಿ, ಬಳಸುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಇದು ಆಗಲೇಬೇಕು. ಹೊರಗಿನ ಯೂನಿಟ್ಟನ್ನು ನೋಡಿ. ಕಳ್ಳರ ಭಯಕ್ಕೆ ಇಕ್ಕಟ್ಟಾದ ಗ್ರಿಲ್ಲಿನೊಳಗೆ ಕೂಡಿಹಾಕಿದ್ದರೆ ಅದು ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿರುತ್ತದೆ. ಆಮೇಲೆ 15 ನಿಮಿಷ ಓಡಿಸಿ, ಒಳಯೂನಿಟ್ಟಿನ ಮೇಲ್ಭಾಗಕ್ಕೆ ಹೋಗುವ ಗಾಳಿ ಮತ್ತು ಕೆಳಗೆ ಬೀಸುವ ಗಾಳಿಯ ಉಷ್ಣತೆ ಅಳೆಯಿರಿ. ಸಾಮಾನ್ಯವಾಗಿ 8ರಿಂದ 12 ಡಿಗ್ರಿ ವ್ಯತ್ಯಾಸವಿರಬೇಕು. ಅಷ್ಟಿದ್ದೂ ಕೋಣೆ ತಣಿಯದಿದ್ದರೆ ತಪ್ಪು ಎ.ಸಿ.ಯದಲ್ಲ, ಛಾವಣಿ ಕಿಟಕಿಗಳದು. ವ್ಯತ್ಯಾಸವೇ ಕಡಿಮೆಯಿದ್ದರೆ, ಕಾಯಿಲ್ ಮೇಲೆ ಹಿಮ ಕಟ್ಟುತ್ತಿದ್ದರೆ, ಆಗ ಸೋರಿಕೆ ಪರೀಕ್ಷೆ ಮಾಡಿಸಿ.

ರಿಮೋಟಿನಲ್ಲಿ 18 ಒತ್ತಿದರೆ ಬೇಗ ತಣಿಯುತ್ತದೆ ಎಂಬುದು ಹಳೆಯ ಸ್ಥಿರವೇಗದ ಎ.ಸಿ.ಯಲ್ಲಿ ಸುಳ್ಳು. ಅದು ಓಡುವುದು ಒಂದೇ ವೇಗದಲ್ಲಿ. 18 ಎಂದರೆ ನಿಲ್ಲದೆ ಓಡು ಎಂದಷ್ಟೇ ಅರ್ಥ. 26ಕ್ಕೆ ಇಟ್ಟು ಫ್ಯಾನು ನಿಧಾನವಾಗಿ ಹಾಕಿಕೊಳ್ಳಿ.

ಪ್ರಶ್ನೆ: ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿ.ಸಿ. ಮೋಟಾರಿನ) ಫ್ಯಾನ್ ಹಾಕಿಸಿದೆ. ಗುಂಯ್ ಎನ್ನುತ್ತದೆ, ಒಮ್ಮೊಮ್ಮೆ ನಿಂತೇ ಹೋಗುತ್ತದೆ.

ಗೋಡೆಯಲ್ಲಿ ಹಳೆಯ ರೆಗ್ಯುಲೇಟರ್ ಹಾಗೇ ಇದೆ ಎಂದು ಕಾಣುತ್ತದೆ. ಬಿಎಲ್‌ಡಿಸಿ ಫ್ಯಾನಿನ ವೇಗ ಹೊಂದಿಸುವುದು ಅದರೊಳಗಿನ ಸರ್ಕಿಟ್. ಅದಕ್ಕೆ ಪೂರ್ತಿ ವೋಲ್ಟೇಜ್ ಬೇಕು. ರೆಗ್ಯುಲೇಟರನ್ನು ತೆಗೆಸಿ ನೇರ ಸಂಪರ್ಕ ಕೊಡಿಸಿ. ಹಾಗೇ ಬಿಟ್ಟರೆ ಸರ್ಕಿಟ್ ಸುಡುತ್ತದೆ. ನಿಮ್ಮ ಆಯ್ಕೆಯಂತೂ ಸರಿಯಾಗಿದೆ: 1200 ಮಿ.ಮೀ.ನ ಹಳೆಯ ಫ್ಯಾನು 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗುವ ಫ್ಯಾನಿನಲ್ಲಿ ವರ್ಷಕ್ಕೆ 197 ಯೂನಿಟ್ ಉಳಿತಾಯ. ದಿನಕ್ಕೊಂದು ಗಂಟೆ ತಿರುಗುವ ಅತಿಥಿ ಕೋಣೆಯ ಫ್ಯಾನನ್ನು ಮಾತ್ರ ಹಾಗೇ ಬಿಡಿ. ಫ್ಯಾನು ತಂಪು ಮಾಡುವುದು ಮೈಯನ್ನು, ಕೋಣೆಯನ್ನಲ್ಲ. ಎದ್ದು ಹೋಗುವಾಗ ಆರಿಸಿ.

ಪ್ರಶ್ನೆ: ಫ್ರಿಜ್ಜಿನ ಬಾಗಿಲ ರಬ್ಬರ್ ಸಡಿಲವಾಗಿದೆಯೇ ಎಂದು ತಿಳಿಯುವುದು ಹೇಗೆ?

ಒಂದು ಕಾಗದದ ಚೂರನ್ನು ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬರಬೇಕು. ನಾಲ್ಕೂ ಬದಿಯಲ್ಲಿ ಕೈಯಗಲಕ್ಕೊಂದು ಸಲ ಹೀಗೆ ನೋಡಿ; ಸಡಿಲವಿರುವುದು ಹೆಚ್ಚಾಗಿ ಕೀಲಿನ ಬದಿಯ ಕೆಳಮೂಲೆಯಲ್ಲಿ. ಮೊದಲು ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಮಡಿಕೆಗಳ ಜಿಡ್ಡು ಒರೆಸಿ. ಚಪ್ಪಟೆಯಾಗಿದ್ದರೆ ಹೇರ್ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಬೆರಳಿನಿಂದ ಹೊರಗೆಳೆದು, ಬಾಗಿಲು ಮುಚ್ಚಿಡಿ. ಹರಿದಿದ್ದರೆ ಬದಲಿಸಲೇಬೇಕು. ಒಳಗೆ 4 ಡಿಗ್ರಿ, ಫ್ರೀಜರಿನಲ್ಲಿ ಮೈನಸ್ 18 ಸಾಕು. ಹಿಮ 6 ಮಿ.ಮೀ. ದಾಟಿದರೆ ಕರಗಿಸಿ, ಚಾಕು ಹಾಕಿ ಕೆರೆಯಬೇಡಿ.

ಪ್ರಶ್ನೆ: ನಮ್ಮದು ಚಳಿಯ ಊರು. ಹೀಟರ್ ಹಾಕಿದರೂ ಕೋಣೆ ಬೆಚ್ಚಗಾಗುವುದಿಲ್ಲ. ಸಂದಿಗಳನ್ನೆಲ್ಲ ಮುಚ್ಚಿದೆವು, ಈಗ ಗೋಡೆಗೆ ಕಪ್ಪು ಬೂಷ್ಟು ಬರುತ್ತಿದೆ.

ಸಂದಿ ಮುಚ್ಚಿದ್ದು ತಪ್ಪಲ್ಲ. 900 ಮಿ.ಮೀ. ಅಗಲದ ಬಾಗಿಲ ಕೆಳಗೆ 5 ಮಿ.ಮೀ. ಸಂದಿ ಎಂದರೆ ಗೋಡೆಯಲ್ಲಿ 45 ಚದರ ಸೆಂಟಿಮೀಟರಿನ ತೂತು ಕೊರೆದಂತೆ. ತಪ್ಪಿದ್ದು ಇಷ್ಟೇ, ತೇವಕ್ಕೂ ಹೊರಹೋಗುವ ದಾರಿ ಇಲ್ಲವಾಯಿತು. ಉಸಿರು, ಸ್ನಾನ, ಅಡುಗೆ, ಒಳಗೇ ಒಣಗಿಸುವ ಬಟ್ಟೆ ಎಲ್ಲದರ ತೇವ ಗಾಳಿಯಲ್ಲೇ ಉಳಿಯುತ್ತಿದೆ. ಕೋಣೆ 20 ಡಿಗ್ರಿ, ಆರ್ದ್ರತೆ ಶೇ. 60 ಇದ್ದರೆ 12 ಡಿಗ್ರಿಗಿಂತ ತಣ್ಣಗಿರುವ ಮೈಯ ಮೇಲೆಲ್ಲ ನೀರು ಕೂರುತ್ತದೆ. ಹೊರಗೋಡೆಯ ಮೂಲೆ, ಬೀರುವಿನ ಹಿಂದೆ, ಕಿಟಕಿಯ ಚೌಕಟ್ಟು ಅಂಥ ಜಾಗಗಳು. ಬಚ್ಚಲು ಮತ್ತು ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಸ್ನಾನದ ನಂತರವೂ 15 ನಿಮಿಷ ಓಡಲಿ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಸರಿಸಿ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಬೇಡಿ. ಮನೆಯೊಳಗೆ ಗ್ಯಾಸ್ ಗೀಸರ್, ಸೀಮೆಎಣ್ಣೆ ಅಥವಾ ಇದ್ದಿಲಿನ ಒಲೆ ಉರಿಯುತ್ತಿದ್ದರೆ ಅದರ ಗಾಳಿಕಿಂಡಿಯನ್ನು ಮುಚ್ಚಲೇಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು ಬಂದು ನಿದ್ದೆ ಹತ್ತಿದಂತಾಗಿ ಜೀವವೇ ಹೋಗುತ್ತದೆ.

ಗಾಳಿ ಎಲ್ಲಿ ನುಗ್ಗುತ್ತಿದೆ ಎಂದು ತಿಳಿಯಲು ಗಾಳಿಯಿರುವ ದಿನ ಊದುಬತ್ತಿ ಹಚ್ಚಿ ಚೌಕಟ್ಟಿನ ಉದ್ದಕ್ಕೂ, ಪರದೆಗೆ ತಾಗದಂತೆ, ನಿಧಾನವಾಗಿ ಒಯ್ಯಿರಿ. ಹೊಗೆ ಬಾಗಿದಲ್ಲಿ ಸಂದಿ. ಬೆಚ್ಚನೆಯ ಗಾಳಿ ಮೇಲೇರುವುದರಿಂದ ಅಟ್ಟದ ಬಾಗಿಲು, ಸೀಲಿಂಗಿನ ತೂತುಗಳು ಮೊದಲು, ಕೆಳಗಿನ ಬಾಗಿಲು ಆಮೇಲೆ. ಅಟ್ಟವಿದ್ದರೆ ನೆಲದ ಮೇಲೆ ಖನಿಜ ಉಣ್ಣೆಯನ್ನು ಎರಡು ಪದರವಾಗಿ, ಒಂದರ ಮೇಲೊಂದು ಅಡ್ಡಡ್ಡ ಹಾಸಿ. ವೈರುಗಳನ್ನು ಅದರಡಿ ಹೂಳಬೇಡಿ, ಕಾಯುತ್ತವೆ. ಸೀಲಿಂಗಿನಲ್ಲಿ ಹುದುಗಿಸಿದ ದೀಪದ ಸುತ್ತ 75 ಮಿ.ಮೀ. ಖಾಲಿ ಬಿಡಿ.

ಹೀಟರಿಗೆ ಬಂದರೆ, ಕಾಯಿಲಿನದಾಗಲಿ ಎಣ್ಣೆಯದಾಗಲಿ ಒಂದು ಯೂನಿಟ್ಟಿಗೆ ಒಂದು ಯೂನಿಟ್ ಶಾಖ ಮಾತ್ರ ಕೊಡುತ್ತದೆ. ಯಾವ ಜಾಹೀರಾತೂ ಇದನ್ನು ಬದಲಿಸಲಾರದು. ಹೀಟಿಂಗ್ ಇರುವ ಇನ್ವರ್ಟರ್ ಎ.ಸಿ. ಮಾತ್ರ ಹೊರಗಿನ ಗಾಳಿಯಿಂದ ಶಾಖ ಎಳೆದು ತರುವುದರಿಂದ, ಸಾಧಾರಣ ಚಳಿಯಲ್ಲಿ ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. ಮನೆಯಲ್ಲಿ ಈಗಾಗಲೇ ಅದು ಇದ್ದರೆ ಹೀಟರನ್ನು ಎತ್ತಿಡಿ.

ಪ್ರಶ್ನೆ: ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ ಅರ್ಧವಾಗುತ್ತದೆ ಎನ್ನುವ 'ಪವರ್ ಸೇವರ್' ಡಬ್ಬಿ ಕೊಳ್ಳಬಹುದೇ?

ಬೇಡ. ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ ಸಿಗುವುದು ಒಂದು ಕೆಪಾಸಿಟರ್ ಮತ್ತು ಒಂದು ಎಲ್‌ಇಡಿ. ಕೆಪಾಸಿಟರ್ ಪವರ್ ಫ್ಯಾಕ್ಟರನ್ನು (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲನ್ನು) ಸರಿಪಡಿಸಬಲ್ಲದು, ಆದರೆ ಮನೆಯ ಮೀಟರ್ ಸಾಮಾನ್ಯವಾಗಿ ಎಣಿಸುವುದು ನಿಜವಾಗಿ ಬಳಸಿದ ಯೂನಿಟ್ಟನ್ನು. ಪವರ್ ಫ್ಯಾಕ್ಟರ್ ಏನಾದರೂ ಅದು ಬದಲಾಗದು. ನಂಬಿಕೆ ಬಾರದಿದ್ದರೆ ಮೊದಲ ಉತ್ತರದಲ್ಲಿ ಹೇಳಿದಂತೆ ಮೀಟರಿನ ಮಿನುಗನ್ನು ಡಬ್ಬಿ ಹಾಕಿ, ತೆಗೆದು ಎಣಿಸಿ. ಅದೇ ಹಣಕ್ಕೆ ಎಲ್‌ಇಡಿ ಟ್ಯೂಬ್ ತನ್ನಿ. ಹಳೆಯ ತಾಮ್ರದ ಚೋಕಿನ ಟ್ಯೂಬು ಚೋಕ್ ಸೇರಿ 50 ವ್ಯಾಟ್ ತಿನ್ನುವ ಕಡೆ ಅದು 20ರಲ್ಲಿ ಬೆಳಗುತ್ತದೆ.

ಪ್ರಶ್ನೆ: ನೆಲತೊಟ್ಟಿಯಿಂದ 10 ಮೀಟರ್ ಮೇಲಿನ 1000 ಲೀಟರ್ ಟ್ಯಾಂಕ್ ತುಂಬಲು 1 ಎಚ್‌ಪಿ ಪಂಪಿಗೆ 35 ನಿಮಿಷ ಬೇಕು. ಇದು ಸರಿಯೇ?

ಸರಿಯಲ್ಲ. 1000 ಲೀಟರನ್ನು 10 ಮೀಟರ್ ಎತ್ತಲು ನಿಜವಾಗಿ ಬೇಕಾದ ಶಕ್ತಿ 0.03 ಯೂನಿಟ್ಟಿಗಿಂತ ಕಡಿಮೆ. ಸಣ್ಣ ಪಂಪು, ಪೈಪು ಎಲ್ಲದರ ನಷ್ಟ ಸೇರಿಸಿದರೂ 0.1ರಿಂದ 0.2 ಯೂನಿಟ್ಟಿನಲ್ಲಿ ಮುಗಿಯಬೇಕು. 1 ಎಚ್‌ಪಿ ಪಂಪು ಸುಮಾರು ಒಂದು ಕಿಲೋವ್ಯಾಟ್ ಎಳೆಯುವುದರಿಂದ 6ರಿಂದ 12 ನಿಮಿಷದ ಕೆಲಸ ಅದು.

ಪಂಪು ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ನೀರು ತುಂಬುವ ಬಿರಡೆ ತೆಗೆದು ನೋಡಿ. ನೀರು ಕೆಳಗಿಳಿದಿದ್ದರೆ ಹೀರುವ ಪೈಪಿನ ತುದಿಯಲ್ಲಿ ನೀರನ್ನು ಹಿಡಿದಿಡುವ ಫುಟ್‌ವಾಲ್ವ್ ಸೋರುತ್ತಿದೆ. ಪ್ರತಿ ಸಲ ಮೊದಲ ಕೆಲವು ನಿಮಿಷ ಪಂಪು ಬರಿಯ ಗಾಳಿಯನ್ನೇ ಎಳೆಯುತ್ತಿರುತ್ತದೆ. ವಾಲ್ವಿನ ಜಾಲರಿಗೆ ಕಸ ಸಿಕ್ಕಿದೆಯೇ, ಹೀರುವ ಪೈಪಿನ ಕೂಡಿಕೆಯಲ್ಲಿ ಗಾಳಿ ಬರುತ್ತಿದೆಯೇ ನೋಡಿ. ಅದೆಲ್ಲ ಸರಿಯಿದ್ದರೆ ಪೈಪಿನ ಅಳತೆ ಕೇಳಿ ತಿಳಿಯಿರಿ. 25 ಮಿ.ಮೀ. ಬದಲು 20 ಮಿ.ಮೀ. ಒಳವ್ಯಾಸದ ಪೈಪ್ ಹಾಕಿದ್ದರೆ ಅಷ್ಟೇ ನೀರಿಗೆ ಘರ್ಷಣೆಯ ನಷ್ಟ ಮೂರು ಪಟ್ಟು. ಕೊನೆಯದು ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರದ ಸವೆತ. ಮೇಲಿನ ಪೈಪಿನ ಬಾಯಿಗೆ 20 ಲೀಟರಿನ ಬಕೆಟ್ ಹಿಡಿದು ರಿಪೇರಿಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಸಮಯ ಬರೆದಿಡಿ. 12 ನಿಮಿಷದಲ್ಲಿ ಟ್ಯಾಂಕ್ ತುಂಬುವ ಪಂಪು ಆ ಬಕೆಟನ್ನು 15 ಸೆಕೆಂಡಿನೊಳಗೆ ತುಂಬಿಸುತ್ತದೆ.